ಮೊಮ್ಮಗಳ ಕಾಲು ಕೇಳಿದೆ, ಸ್ವಾಮಿ ನನ್ನ ಸೊಂಟ ಹಿಡಿದ

ನನ್ನ ಮೊಮ್ಮಗಳು ಸಿರಿಗೆ ಒಂದು ವರ್ಷ ಐದು ತಿಂಗಳು ತುಂಬಿದರೂ ನಿಲ್ಲಲು ಬರುತ್ತಿರಲಿಲ್ಲ. ಅಂಬೆಗಾಲೂ ಇಲ್ಲ. ಕೂರಿಸಿದ ಕಡೆ ಗೌರಮ್ಮನ ಹಾಗೆ ಕೂತಿರುತ್ತಿದ್ದಳು. ಆಗ ನಮ್ಮ ಆಂಜನೇಯಸ್ವಾಮಿ ಲಗ್ಗೆರೆಯ ಈ ಶಾರದಮ್ಮನ ಮೇಲೆ ತೋರಿದ ಕರುಣೆಯನ್ನು ಭಕ್ತರಾದ ನಿಮ್ಮ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಕರುಣೆ ಬಂದ ದಾರಿ ಮಾತ್ರ ಸ್ವಲ್ಪ ವಿಚಿತ್ರ.

ಮಗಳು ರೇಖಾ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅಳಿಯ ಬಸವರಾಜ ಹಾವೇರಿ ಕಡೆಯವನು, ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಾನೆ. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹೊರಟರೆ ಮಗು ನನ್ನ ಪಾಲು. ನಮ್ಮದು ಎರಡನೇ ಮಹಡಿಯ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಬಾಗಿಲಾಚೆ ಕಡಿದಾದ ಕಬ್ಬಿಣದ ಮೆಟ್ಟಿಲು. ಮಗುವನ್ನು ನೆಲಕ್ಕೆ ಬಿಡಲು ನನಗೆ ಧೈರ್ಯವೇ ಬರುತ್ತಿರಲಿಲ್ಲ. ಕಸ ಗುಡಿಸುವಾಗಲೂ, ಬಟ್ಟೆ ಒಣಹಾಕುವಾಗಲೂ ಅವಳು ನನ್ನ ಸೊಂಟದ ಮೇಲೆಯೇ. "ಅಜ್ಜಿ ಮೊಮ್ಮಗಳನ್ನ ಸೀರೆಗೇ ಸೇರಿಸಿ ಹೊಲ್ಕೊಂಡಿದಾರೆ" ಎಂದು ಬೀದಿಯವರು ನಗುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಹೋದ ವರ್ಷ ಆಷಾಢದಲ್ಲಿ ಎರಡು ಬಸ್ಸು ಬದಲಿಸಿ ಮಕ್ಕಳ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಸಿರಿಯ ಕಾಲು ಎಳೆದು, ಮಡಿಸಿ, ತಟ್ಟಿ ನೋಡಿದರು. "ಕಾಲಲ್ಲಿ ಏನೂ ದೋಷ ಇಲ್ಲಮ್ಮ. ನೆಲಕ್ಕೆ ಬಿಡಿ, ಅವಳೇ ಏಳ್ತಾಳೆ. ಎರಡು ತಿಂಗಳು ಬಿಟ್ಟು ತೋರಿಸಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿನ ತುಂಬಾ ಬೈದುಕೊಂಡೇ ಬಂದೆ.

"ಮಾತ್ರೆ ಇಲ್ಲ, ಟಾನಿಕ್ ಇಲ್ಲ, ನೆಲಕ್ಕೆ ಬಿಡ್ಬೇಕಂತೆ! ಇದೂ ಒಂದು ವೈದ್ಯನಾ?"

ರೇಖಾ ಕಿಟಕಿ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. "ಅಮ್ಮ, ನನ್ನ ಮಗು ನಡೀತಾಳಾ ಇಲ್ವಾ, ಅಷ್ಟು ಹೇಳು ಸಾಕು" ಎಂದಳು.

ಡಾಕ್ಟರ ಮಾತು ಬಿಟ್ಟು ಸ್ವಾಮಿಯ ಕಾಲು ಹಿಡಿದೆ. ನಲವತ್ತೆಂಟು ದಿನ, ದಿನಕ್ಕೆ ಇಪ್ಪತ್ತೊಂದು ಪ್ರದಕ್ಷಿಣೆ, ಮಗುವನ್ನು ಎತ್ತಿಕೊಂಡೇ ಹಾಕುತ್ತೇನೆ ಎಂದು ಹರಕೆ ಹೊತ್ತೆ. ನಡೆಯಲಿ ಎಂದು ಬೇಡುವವಳು ಎತ್ತಿಕೊಂಡು ಸುತ್ತುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ ಆಗಿದ್ದೆ.

ಶ್ರಾವಣದ ಎರಡನೇ ಶನಿವಾರ, ಹದಿನೇಳನೇ ಸುತ್ತು. ಅಶ್ವತ್ಥಕಟ್ಟೆಯ ಹತ್ತಿರ ನನ್ನ ಸೊಂಟ ಛಳಕ್ ಎಂದಿತು. ಬಗ್ಗಿದವಳು ಬಗ್ಗಿದಂತೆಯೇ ನಿಂತೆ. ನಮ್ಮ ಬೀದಿಯ ಅಂಗನವಾಡಿ ಟೀಚರ್ ಸಾವಿತ್ರಮ್ಮ ಓಡಿ ಬಂದು ಮಗುವನ್ನು ಇಸಿದುಕೊಂಡು ಕಲ್ಲುಹಾಸಿನ ಮೇಲೆ ಕೂರಿಸಿದರು.

"ಅಯ್ಯೋ, ಕೆಳಗೆ ಬಿಡ್ಬೇಡ್ರೀ, ಶೀತ ಆಗುತ್ತೆ!" ಎಂದು ಆ ನೋವಿನಲ್ಲೂ ಕಿರುಚಿದೆ.

ಒಂದು ತಿಂಗಳ ಕಾಲ ನೀರು ತುಂಬಿದ ಬಿಂದಿಗೆಯನ್ನೂ ಎತ್ತಬಾರದು, ಮಗುವಿನ ಮಾತೇ ಬೇಡ ಎಂದರು ಕ್ಲಿನಿಕ್ಕಿನವರು. ಅಂದು ಗೋಡೆಯ ಮೇಲಿನ ಸ್ವಾಮಿಯ ಪಟದ ಜೊತೆ ಜಗಳವನ್ನೇ ಆಡಿದೆ. "ಮಗುವಿನ ಕಾಲು ಕೊಡು ಅಂದ್ರೆ ನನ್ನ ಸೊಂಟ ಕಿತ್ಕೊಂಡೆಯಲ್ಲೋ! ಬೆಟ್ಟ ಹೊತ್ತವನಿಗೆ ಮಗು ಹೊತ್ತವಳ ಕಷ್ಟ ಗೊತ್ತಾಗಲ್ವಾ?" ಸಿರಿ ಮೂಲೆಯಲ್ಲಿ ಕೂತು ಪಿಳಿಪಿಳಿ ನೋಡುತ್ತಿದ್ದಳು. ಇವಳನ್ನು ಜೀವಮಾನವಿಡೀ ಯಾರು ಎತ್ತಿಕೊಳ್ಳುತ್ತಾರೆ ಎಂದು ನೆನೆದು ಬಿಕ್ಕಿ ಬಿಕ್ಕಿ ಅತ್ತೆ.

ಮಾರನೆಯ ದಿನ ಸಾವಿತ್ರಮ್ಮ ಮನೆಗೇ ಬಂದರು. "ನೀವು ಮಗೂನ ಎತ್ಕೊಳ್ಳೋ ಹಾಗಿಲ್ಲ ತಾನೆ? ಒಳ್ಳೇದಾಯ್ತು ಬಿಡಿ" ಎಂದರು! ಅವರ ಹಿಂದೆಯೇ ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಮುಮ್ತಾಜ್ ನಿಂತಿದ್ದಳು. "ಅಮ್ಮಾ, ನಿಮ್ಗೆ ಒಲೆ, ಮೆಟ್ಟಿಲು ಭಯ ಅಲ್ವಾ? ನಮ್ಮನೇಲಿ ಮಿಷನ್ ಒಂದ್ಕಡೆ ತಳ್ಳಿ ಚಾಪೆ ಹಾಸಿದೀನಿ. ನೀವೂ ಬಂದು ಮಲ್ಕೊಳ್ಳಿ, ಪಾಪು ಆಟ ಆಡ್ಕೊಳ್ಳಲಿ."

ಅಂದಿನಿಂದ ಹಗಲೆಲ್ಲ ನಮ್ಮ ವಾಸ ಮುಮ್ತಾಜಳ ಮನೆಯಲ್ಲಿ. ಮಧ್ಯಾಹ್ನ ಅಂಗನವಾಡಿ ಮುಗಿಸಿ ಸಾವಿತ್ರಮ್ಮ ಬರುವರು. ಸಿರಿಗೆ ಜೊತೆಯಾಗಲೆಂದು ಬೀದಿಯ ಇಬ್ಬರು ಮೂವರು ತಾಯಂದಿರು ತಮ್ಮ ಕೂಸುಗಳನ್ನೂ ಕರೆತರುವರು. ಸಿರಿ ಸ್ಟೀಲ್ ಲೋಟಕ್ಕೆ ಕೈಚಾಚಿದರೆ ನಾನು ಅದನ್ನು ಕೊಡಲು ಹೋಗುತ್ತಿದ್ದೆ. "ಕೈಗೆ ಕೊಡ್ಬೇಡಿ ಶಾರದಮ್ಮ, ಒಂದು ಗೇಣು ದೂರ ಇಡಿ" ಎಂದು ಸಾವಿತ್ರಮ್ಮ ಗದರುವರು. ಮೊದಲೆರಡು ದಿನ ಅಳುವೋ ಅಳು. ಆಮೇಲೆ ಪಕ್ಕದ ಕೂಸು ಲೋಟ ಎಗರಿಸಿಕೊಂಡು ಹೋದದ್ದನ್ನು ಕಂಡು ನಮ್ಮ ಗೌರಮ್ಮ ರೋಷದಿಂದ ಹೊಟ್ಟೆ ಎಳೆದುಕೊಂಡು ಹೊರಟಳು. ವಾರದಲ್ಲಿ ಅಂಬೆಗಾಲು. ಇನ್ನೆರಡು ವಾರಕ್ಕೆ ಮಿಷನ್ನಿನ ಕಾಲು ಹಿಡಿದು ನಿಂತಳು.

ಗಣೇಶನ ಹಬ್ಬಕ್ಕೆ ಎರಡು ದಿನ ಮುಂಚೆ. ನಾನು ಚಾಪೆಯ ಮೇಲೆ ಮಲಗಿದ್ದೆ. ಮಿಷನ್ ಹಿಡಿದು ನಿಂತಿದ್ದ ಸಿರಿ ಎತ್ತಿಕೋ ಎಂದು ನನ್ನತ್ತ ಕೈ ಚಾಚಿ ಅಳತೊಡಗಿದಳು. ನನ್ನ ಕರುಳು ಕಿತ್ತು ಬಂತು. ಏಳಲು ನೋಡಿದೆ, ಸೊಂಟ ಬಿಡಲಿಲ್ಲ. "ಬಾ ನನ್ನವ್ವ, ನೀನೇ ಬಾ" ಎಂದೆ. ಅಳು ನಿಂತಿತು. ಒಂದು ಹೆಜ್ಜೆ. ಎರಡು. ಮೂರು. ನಾಲ್ಕನೆಯದಕ್ಕೆ ಧೊಪ್ಪನೆ ನನ್ನ ಎದೆಯ ಮೇಲೆ ಬಿದ್ದಳು. ಮುಮ್ತಾಜ್ "ಯಾ ಅಲ್ಲಾ!" ಎಂದಳು, ನಾನು "ಆಂಜನೇಯಾ!" ಎಂದೆ. ಇಬ್ಬರೂ ಅಳುತ್ತಾ ನಕ್ಕೆವು. ಏಳಲು ಆಗಿದ್ದರೆ ನಾನು ಅವಳನ್ನು ಎತ್ತಿಕೊಂಡೇಬಿಡುತ್ತಿದ್ದೆ, ಆ ನಾಲ್ಕು ಹೆಜ್ಜೆ ಅಲ್ಲೇ ಸತ್ತುಹೋಗುತ್ತಿದ್ದವು.

ಸಂಜೆ ರೇಖಾ ಮಗಳ ನಡಿಗೆ ಕಂಡು ಊಟದ ಡಬ್ಬಿಯ ಚೀಲ ಹೆಗಲಲ್ಲಿರುವಂತೆಯೇ ಹೊಸ್ತಿಲ ಮೇಲೆ ಕುಸಿದು ಕೂತಳು. ಬಸವರಾಜ ಮಾತ್ರ, "ಅತ್ತೀ, ನಿಮ್ಮ ಸೊಂಟಕ್ಕ ಒಂದು ಹಾರ ಹಾಕಬೇಕ್ರಿ" ಎಂದ.

ಡಾಕ್ಟರಮ್ಮನ ಬಾಯಲ್ಲಿ ಸ್ವಾಮಿ ಒಮ್ಮೆ ಹೇಳಿದ. ನಾನು ಕೇಳಲಿಲ್ಲ. ಕಿವಿಗೆ ಹೋಗದ್ದನ್ನು ಸೊಂಟಕ್ಕೆ ಹೇಳಿದ. ನೆಲವನ್ನೂ ನೆರೆಯವರನ್ನೂ ಒಟ್ಟಿಗೇ ಕೊಟ್ಟ. ಈಗಲೂ ಮಧ್ಯಾಹ್ನ ಆ ಚಾಪೆಯ ತುಂಬಾ ಬೀದಿಯ ಕೂಸುಗಳು, ಯಾರ ಮಗುವಿಗೆ ಯಾರು ಗಂಜಿ ತಿನ್ನಿಸುತ್ತಾರೆ ಎಂದೇ ಗೊತ್ತಾಗುವುದಿಲ್ಲ.

ಮೊನ್ನೆ ಸಿರಿಯ ಕೈ ಹಿಡಿದು ಗುಡಿಗೆ ಹೋಗಿದ್ದೆ. ಒಂದು ಸುತ್ತಿಗೆ ಕಾಲು ಗಂಟೆ ಹಿಡಿಸಿದಳು. ನಾನು ಸೊಂಟ ಒತ್ತಿಕೊಳ್ಳುವುದನ್ನು ಅರ್ಚಕರು ನೋಡಿದರು.

"ಇನ್ನೂ ನೋವಿದೆಯಾ ಅಮ್ಮ? ಅದಕ್ಕೂ ಒಂದು ಅರ್ಚನೆ ಮಾಡಿಬಿಡ್ಲಾ?"

"ಬೇಡ ಸ್ವಾಮಿ" ಎಂದು ಅವರ ಕೈ ತಡೆದೆ. "ಪೂರ್ತಿ ವಾಸಿಯಾದ್ರೆ ಮತ್ತೆ ಎತ್ಕೊಂಡ್ಬಿಡ್ತೀನಿ."