ಹೆಬ್ಬೆರಳು ನಿಂತ ದಿನ

ಕಮಾನು ತಂತಿಯ ಮೇಲೆ ಕುಣಿಯಿತು.

ನಾನು ಕುಣಿಸಿದ್ದಲ್ಲ. ಇಂದಿರಾನಗರದ ನಮ್ಮ ಸಂಗೀತ ಕಾಲೇಜಿನಲ್ಲಿ, ಬಿ.ಮ್ಯೂಸಿಕ್ ಕೊನೆಯ ವರ್ಷದವರ ಕಛೇರಿ. ನಾನು ನುಡಿಸುತ್ತಿದ್ದ ವರ್ಣದ ಪಲ್ಲವಿಯೂ ಮುಗಿದಿರಲಿಲ್ಲ, ಬಲಗೈ ನಡುಗತೊಡಗಿತು. ಪಿಟೀಲಿನಲ್ಲಿ ನಡುಕವನ್ನು ಬಚ್ಚಿಡಲು ಜಾಗವಿಲ್ಲ; ಎಳೆದ ಸ್ವರವೆಲ್ಲ ಚೂರುಚೂರಾಗಿ ಕೇಳುತ್ತದೆ. ಆಮೇಲೆ ಎದೆ ಹೊಡೆದುಕೊಂಡಿತು. ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಹಾರ್ಟ್ ಅಟ್ಯಾಕ್ ಅಂದುಕೊಂಡೆ. ಅರ್ಧಕ್ಕೇ ಎದ್ದು ಬಂದೆ.

ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್ ಬಂತು.

"ಇದು ಪ್ಯಾನಿಕ್ ಅಟ್ಯಾಕ್. ಹೃದಯ ಚೆನ್ನಾಗಿದೆಯಮ್ಮ," ಎಂದರು ಡಾಕ್ಟರು.

ಅಮ್ಮ ಒಪ್ಪಲಿಲ್ಲ. ಕಗ್ಗದಾಸಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿದು ನನ್ನನ್ನು ಓದಿಸಿದವಳು ಅವಳು. "ಕಾಯ್ಲೆ ಇಲ್ದೆ ಕೈ ಯಾಕ್ ನಡುಗುತ್ತೆ ಡಾಕ್ಟ್ರೇ? ನನ್ ಕೈ ಹಿಂಗ್ ನಡುಗಿದ್ರೆ ಯಾರಾದ್ರೂ ಬಟ್ಟೆ ಕೊಡ್ತಾರಾ?"

"ಕಾಯಿಲೆ ಇಲ್ಲ ಅಂದ್ನಾ ನಾನು? ಇದೂ ಕಾಯಿಲೇನೇ. ವಾಸಿಯಾಗೋ ಕಾಯಿಲೆ."

ಮಾತ್ರೆ ಬರೆದರು. ಕೌನ್ಸೆಲಿಂಗಿಗೆ ಕಳಿಸಿದರು. ಜೊತೆಗೆ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನಡೆಯುವ ಯೋಗ, ಮೈಂಡ್‌ಫುಲ್‌ನೆಸ್ ಕ್ಲಾಸಿಗೂ.

ಪಿಟೀಲಿನ ಪೆಟ್ಟಿಗೆ ಕಂಡರೆ ಸಾಕು, ಅಂಗೈ ಬೆವರುತ್ತಿತ್ತು. ಬೆಳಗಿನ ಸಾಧಕ, ದಿನದಿನದ ಆ ಅಭ್ಯಾಸ, ನಿಂತಿತು. ಫೈನಲ್ ಪ್ರಾಕ್ಟಿಕಲ್ ಹತ್ತಿರ ಬರುತ್ತಿತ್ತು. ಅಲ್ಲಿಯೂ ಎದ್ದು ಬಂದರೆ ಡಿಗ್ರಿ ಇಲ್ಲ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿಸಿದರೂ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಪಿಟೀಲಿಗೆಲ್ಲ ಡಿಗ್ರಿ ಕೊಡ್ತಾರಾ ಎಂದು ನಕ್ಕ ನೆಂಟರು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬರುತ್ತಿದ್ದರು.

ಯೋಗ ಕಲಿಸುತ್ತಿದ್ದವರು ಫ್ರೇಜರ್ ಟೌನಿನ ನಸ್ರೀನ್ ಮೇಡಂ. ಉಸಿರನ್ನು ಸುಮ್ಮನೆ ಗಮನಿಸಿ ಎಂದರು. ನಾನು ಅದನ್ನು ತಾಳಕ್ಕೆ ಹಾಕಿದೆ. ಒಳಗೆ ಅರ್ಧ ಆವರ್ತ, ಹೊರಗೆ ಅರ್ಧ ಆವರ್ತ, ಅಚ್ಚುಕಟ್ಟಾದ ಆದಿತಾಳ. ಉಸಿರು ತುಸು ಬೇಗ ಮುಗಿದರೆ ತಪ್ಪಾಯಿತೆಂದು ಮೊದಲಿನಿಂದ ಶುರು. ಕ್ಲಾಸ್ ಮುಗಿಯುವ ಹೊತ್ತಿಗೆ ಎದೆ ಇನ್ನೂ ಜೋರಾಗಿ ಬಡಿಯುತ್ತಿತ್ತು. ಯೋಗ ನನಗೆ ಆಗಿಬರುವುದಿಲ್ಲ ಎಂದು ಅಮ್ಮನಿಗೆ ಹೇಳಿಯೂಬಿಟ್ಟೆ.

ಒಂದು ದಿನ ಶವಾಸನದಲ್ಲಿದ್ದೆ. ಮೇಡಂ ನನ್ನ ಕಾಲ ಬಳಿ ಬಂದು ನಿಂತರು.

"ಅರೆ, ಏನಿದು? ಹೆಣದ ಹೆಬ್ಬೆರಳು ತಾಳ ಹಾಕ್ತಿದೆ!"

ಅಕ್ಕಪಕ್ಕದ ಹೆಣಗಳೆಲ್ಲ ಎದ್ದು ನಕ್ಕವು. ನನಗೇ ಗೊತ್ತಿರಲಿಲ್ಲ. ಪಿಟೀಲು ನುಡಿಸುವವರಿಗೆ ಎರಡು ಕೈಗೂ ಬಿಡುವಿಲ್ಲ. ತಾಳ ಕಾಲಿನ ಹೆಬ್ಬೆರಳಿಗೆ ಇಳಿದಿರುತ್ತದೆ. ಚಿಕ್ಕಂದಿನಿಂದ ನನ್ನದು ನಿಂತೇ ಇರಲಿಲ್ಲ.

"ಉಸಿರಿಗೂ ಪರೀಕ್ಷೆ ಇಟ್ಟಿದೀಯಾ?" ಮೇಡಂ ಪಕ್ಕದಲ್ಲೇ ಕುಳಿತರು. "ಗಿಡ್ಡ ಬಂದ್ರೆ ಗಿಡ್ಡ, ಉದ್ದ ಬಂದ್ರೆ ಉದ್ದ. ಮಾರ್ಕ್ಸ್ ಹಾಕ್ಬೇಡ ಬೇಟಾ."

ಆ ದಿನ ಹೆಬ್ಬೆರಳನ್ನು ಬಿಡುವುದಷ್ಟೇ ಅಭ್ಯಾಸ. ಬಿಟ್ಟೆ, ಅಲುಗಿತು. ಮತ್ತೆ ಬಿಟ್ಟೆ. ಯಾವಾಗಲೋ ನಿಂತಿತು.

ಅಳು ಬಂತು.

ನುಡಿಸಿದ್ದು ಸರಿಯೋ ತಪ್ಪೋ ಎಂದು ಹೇಳುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನನಗೆ ನಾನೇ ಪರೀಕ್ಷಕಿಯಾಗಿ, ಪ್ರತಿ ಸ್ವರದ ಹಿಂದೆಯೂ ಬೆತ್ತ ಹಿಡಿದು ನಿಂತಿದ್ದೆ ಎಂಬುದು ಅಂದು ಮೊದಲ ಸಲ ತಿಳಿಯಿತು. ಅದೇ ಹಟದಿಂದಲೇ ಇಲ್ಲಿಯವರೆಗೆ ಬಂದವಳು ನಾನು. ಅದನ್ನು ಬೈಯಲಾರೆ. ಆದರೆ ಅದಕ್ಕೂ ಆಗಾಗ ರಜೆ ಬೇಕಿತ್ತು.

ಮಾತ್ರೆ ಬಿಡಲಿಲ್ಲ. ದಿನವೂ ಭುಜ, ಕತ್ತು ಸಡಿಲಿಸುವ ಆಸನಗಳು, ಆಮೇಲೆ ಎಣಿಸದೆ ಉಸಿರಾಟ. ಕೊನೆಗೆ ಪಿಟೀಲು ತೆಗೆದು ಬರೀ ಷಡ್ಜ ಎಳೆದೆ. ಉಸಿರು ಬಿಡುತ್ತ ಒಂದು ಉದ್ದ ಕಮಾನು. ನಡುಗಿದರೆ ನಡುಗಲಿ.

ಮುಂದಿನ ಕೋಣೆಯಲ್ಲಿ ಹೊಲಿಗೆ ನಿಂತಿತು. "ಏನೇ ಅದು, ಬಾಗ್ಲು ಕಿರುಗುಟ್ದಂಗೆ?"

"ಸಾಧಕ ಅಮ್ಮಾ."

"ಹಂಗಾದ್ರೆ ಕಿರುಗುಟ್ಸು, ಕಿರುಗುಟ್ಸು."

ಪರೀಕ್ಷೆಯ ದಿನ ಆ ಭಯ ಮತ್ತೆ ಬಂತು. ಅಂಗೈಯಲ್ಲಿ ಬೆವರು, ಗಂಟಲಲ್ಲಿ ಉಸಿರು. ಕಮಾನು ನಡುಗಿತು. ಇಬ್ಬರು ಪರೀಕ್ಷಕರಲ್ಲಿ ಒಬ್ಬರು ತಲೆಯೆತ್ತಿ ನೋಡಿದರು.

ನಾನು ಏಳಲಿಲ್ಲ.

ಗಿಡ್ಡ ಉಸಿರನ್ನು ಗಿಡ್ಡವಾಗಿಯೇ ಇರಲು ಬಿಟ್ಟೆ. ನಡುಗುವ ಸ್ವರವನ್ನು ಓಡಿಸಿ ಮುಗಿಸಲಿಲ್ಲ, ಕೊನೆಯವರೆಗೂ ಎಳೆದೆ. ಅದರ ಮುಂದಿನದು ಕಡಿಮೆ ನಡುಗಿತು. ವರ್ಣದ ಅನುಪಲ್ಲವಿಗೆ ಬರುವಷ್ಟರಲ್ಲಿ ಕೈ ನನ್ನದಾಗಿತ್ತು. ಮೋಹನ ರಾಗದಲ್ಲಿ ಕಲ್ಪನಾಸ್ವರ ಹಾಕುವಾಗ ಮೃದಂಗದವರು ನಗುನಗುತ್ತ ನನ್ನ ಬೆನ್ನು ಹತ್ತಿದರು. ಬಿಡಲಿಲ್ಲ, ನಾನೂ ಓಡಿದೆ.

"ಸಾಕಮ್ಮ," ಎಂದರು ಪರೀಕ್ಷಕರು.

"ಸರ್, ಮುಕ್ತಾಯ ಒಂದಿದೆ. ನುಡಿಸ್ಲಾ?"

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. "ಹ್ಞೂಂ, ನುಡಿಸು."

ನುಡಿಸಿದೆ. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಕೈ ನಡುಗ್ತಾ?"

"ನಡುಗ್ತು."

"ಅಯ್ಯೋ. ಮತ್ತೆ?"

"ನಡುಗ್ತಾನೇ ನುಡಿಸ್ದೆ. ಆಮೇಲೆ ಅದೇ ನಿಂತೋಯ್ತು."

ಫಸ್ಟ್ ಕ್ಲಾಸ್ ಬಂತು. ಮಾತ್ರೆಯನ್ನು ಡಾಕ್ಟರೇ ನಿಧಾನವಾಗಿ ಕಡಿಮೆ ಮಾಡುತ್ತಿದ್ದಾರೆ. ಭಯ ಇನ್ನು ಬರುವುದೇ ಇಲ್ಲ ಎನ್ನಲಾರೆ. ಬಂದಾಗ ಏನು ಮಾಡಬೇಕೆಂದು ಗೊತ್ತು. ಅಳತೆ ಕೊಡಲು ಬಂದವರಿಗೆಲ್ಲ ಅಮ್ಮ ಟೇಪು ಹಿಡಿದುಕೊಂಡೇ ಹೇಳುತ್ತಾಳೆ: "ನಮ್ ಹುಡ್ಗಿ ಗ್ರಾಜುಯೇಟು. ಪಿಟೀಲಲ್ಲಿ!"

ನಾನು ತಡೆಯುವುದಿಲ್ಲ. ನನಗೂ ಅದನ್ನು ಕೇಳುವ ಆಸೆ.