ಹುಣಸೆಹಣ್ಣಿನಲ್ಲಿ ತಿಕ್ಕಿದ ಬ್ರೇಕಿನ ಪಿನ್ನು

ಆಗೆಲ್ಲ ಇಳಕಲ್ಲಿನಲ್ಲಿ ಕಾರು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಯಾವುದು ಕೆಟ್ಟರೂ ನಮ್ಮ ಅಪ್ಪನ ತಗಡಿನ ಶೆಡ್ಡಿಗೇ ಬರಬೇಕು. ಎಪ್ಪತ್ತರ ಆಚೀಚಿನ ಮಾತು. ಎರಡನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಅಕ್ಷರಕ್ಕಿಂತ ಮೊದಲು ನಟ್ಟು ಬಿಚ್ಚುವ ಪಾನಾದ ನಂಬರು ಕಲಿತೆ. ಓಣಿಯ ಹುಡುಗಿಯರು ಆಣೆಕಲ್ಲು ಆಡಿದರೆ ನಾನು ಒಡೆದ ಬೇರಿಂಗಿನ ಗುಂಡುಗಳಲ್ಲಿ ಆಡುತ್ತಿದ್ದೆ. ತಲೆಗೆ ಎಷ್ಟು ಎಣ್ಣೆ ಹಚ್ಚಿದರೂ ಸೀಮೆಎಣ್ಣೆಯದೇ ವಾಸನೆ.

ಒಂದು ನವರಾತ್ರಿಯಲ್ಲಿ ಕಲ್ಲಿನ ಕ್ವಾರಿ ಸಾಹುಕಾರರ ವಿಲಾಯತಿ ಕಾರು ಬಂತು. ಅದರ ಮುಂದಿನ ಗಾಲಿಗಳ ಬ್ರೇಕಿನ ನಮೂನೆಯೇ ಬೇರೆ. ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಅದನ್ನು ಎರಡು ಕಡೆಯಿಂದ ಕಚ್ಚಿ ನಿಲ್ಲಿಸುವ ಕ್ಯಾಲಿಪರ್. ಕಚ್ಚುವ ಪ್ಯಾಡು ಜಾರಿ ಬೀಳದಂತೆ ಬೆರಳುದ್ದದ ಎರಡು ಪಿನ್ನು, ಕ್ಯಾಲಿಪರನ್ನೇ ಹಿಡಿದಿಡಲು ಎರಡು ದಪ್ಪ ಬೋಲ್ಟು. ಕ್ವಾರಿಯ ಕೆಂಪು ಪುಡಿ ತಿಂದು ಪಿನ್ನುಗಳು ಸವೆದಿದ್ದವು. ಎರಡೂ ಗಾಲಿಗೆಂದು ಹೊಸ ನಾಲ್ಕು ಮುಂಬೈಯಿಂದ ಬಂದಿದ್ದವು. ಅಪ್ಪ ಹಳೆಯವನ್ನು ಒಂದು ತಟ್ಟೆಯಲ್ಲಿ, ಹೊಸವನ್ನು ಇನ್ನೊಂದರಲ್ಲಿ ಇಟ್ಟ. ಮರುದಿನ ಖಂಡೆ ಪೂಜೆ. ಪೂಜೆಗಿಟ್ಟ ಹತ್ಯಾರಗಳನ್ನು ಬನ್ನಿ ಹಂಚುವ ತನಕ ನಮ್ಮಲ್ಲಿ ಮುಟ್ಟುವುದಿಲ್ಲ. ಜೋಡಿಸುವುದು ಆಮೇಲೆ ಎಂದು ಬಿಟ್ಟ.

ಪೂಜೆಯ ಬೆಳಿಗ್ಗೆ ಅವ್ವ, "ಗಂಗಿ, ಕಬ್ಬಿಣ ಅಂಬೂದೆಲ್ಲಾ ತಿಕ್ಕಿ ತಾ. ಅದರಾಗ ನಿನ್ನ ಮಾರಿ ಕಾಣಬೇಕು ನೋಡು" ಎಂದಳು. ಹುಣಸೆಹಣ್ಣು, ಒಲೆಯ ಬೂದಿ ಹಾಕಿ ಪಾನಾ, ಸುತ್ತಿಗೆ, ಜಾಕು ಎಲ್ಲ ತಿಕ್ಕಿದೆ. ಎರಡೂ ತಟ್ಟೆಯ ಪಿನ್ನುಗಳನ್ನು ಒಂದೇ ಬೋಗುಣಿಗೆ ಸುರಿದು ಅವನ್ನೂ ತಿಕ್ಕಿದೆ. ಎಂಟೂ ಬೆಳ್ಳಿಯಂತೆ ಹೊಳೆದವು. ಹೊಳೆದ ಮೇಲೆ ಹಳೆಯದು ಯಾವುದು, ಹೊಸದು ಯಾವುದು ನನಗೇ ತಿಳಿಯಲಿಲ್ಲ. ಹೆದರಿದೆ. ನಾಲ್ಕು ನಾಲ್ಕು ಮಾಡಿ ತಟ್ಟೆಗೆ ಹಾಕಿ ಸುಮ್ಮನಾದೆ.

ಪೂಜೆಯಾಯಿತು. ಹೋಳಿಗೆಗೆ ತುಪ್ಪ ಬಿದ್ದಿತ್ತು, ಇನ್ನೂ ತುತ್ತು ಎತ್ತಿರಲಿಲ್ಲ. ಸಾಹುಕಾರರ ಡ್ರೈವರ್ ಇಮಾಮಸಾಬ ಓಡುತ್ತ ಬಂದ.

"ಮೇಸ್ತ್ರಿ, ಸಾಹುಕಾರ್ರ ಮಗಳಿಗೆ ಬ್ಯಾನಿ ಸುರು ಆಗ್ಯಾವು. ಕೂಸು ಅಡ್ಡ ಐತಂತ. ಬಾಗಲಕೋಟಿ ದವಾಖಾನಿಗೆ ಒಯ್ಯಬೇಕು. ಊರಾಗಿನ ಬ್ಯಾರೆ ಗಾಡಿ ಎಲ್ಲಾ ಹಬ್ಬಕ್ಕ ಹೊರಗ ಹೋಗ್ಯಾವು."

ಅವ್ವ ಗಾಬರಿಯಾಗಿ, "ದೇವ್ರ ಮುಂದ ಇಟ್ಟದ್ದು ಎತ್ತತೀರೇನ್ರಿ?" ಎಂದಳು.

"ಹಡಿಯೋ ಹೆಣ್ಮಗಳಿಗೆ ಬನ್ನಿ ತನಾ ತಡಿ ಅನ್ನಲೇನ? ದೇವ್ರಿಗೆ ನಾ ಹೇಳ್ಕೋತೇನಿ. ನೀ ಹೋಳಿಗಿ ಮುಚ್ಚಿಡು."

ಅಪ್ಪ ಪಾನಾ ಕಣ್ಣಿಗೊತ್ತಿಕೊಂಡು ಎತ್ತಿದ. ತಟ್ಟೆಯಿಂದ ಒಂದು ಪಿನ್ನು ತೆಗೆದು ಕ್ಯಾಲಿಪರಿನ ತೂತಿಗೆ ಹಿಡಿದ. ಹೇಳಿದರೆ ನನ್ನ ಬೆನ್ನಿಗೆ ಏಟು. ಹೇಳದಿದ್ದರೆ ದಾರಿಯಲ್ಲಿ ಆ ಹೆಣ್ಣುಮಗಳು.

"ಯಪ್ಪಾ, ತಡಿ. ಹಳೇವು ಹೊಸಾವು ಕೂಡಿಸಿ ತಿಕ್ಕೀನಿ."

"ಅಯ್ಯ ಖೋಡಿ, ಬ್ರೇಕು ಅಂದ್ರ ನಿಮ್ಮವ್ವನ ಬೋಗಾಣಿ ಅಂತ ತಿಳಿದಿಯೇನ?" ಎಂದ ಇಮಾಮಸಾಬ.

ಅಪ್ಪ ಪಿನ್ನುಗಳನ್ನು ಬೆಳಕಿಗೆ ಹಿಡಿದ, ಹೆಬ್ಬೆರಳು ಆಡಿಸಿದ. ಮತ್ತೆ ಆಡಿಸಿದ. ಅವನ ಹೆಬ್ಬೆರಳು ಎತ್ತಿನ ಗೊರಸಿನಂತೆ ಗಟ್ಟಿಯಾಗಿತ್ತು, ಉಗುರು ಸವೆದು ಹೋಗಿತ್ತು.

"ನನಗ ತಿಳೀವಲ್ದು. ನೀ ನೋಡು. ಉದ್ದಕ ಉಗುರು ಎಳಿ. ಎಲ್ಲಿ ಸಿಕ್ಕೊಂತೈತಿ, ಅದು ಹಳೇದು."

ಕಣ್ಣು ಮುಚ್ಚಿ ಎಳೆದೆ. ಒಂದು ನುಣ್ಣಗಿತ್ತು. ಇನ್ನೊಂದೂ ನುಣ್ಣಗೆ. ಮೂರನೆಯದರ ನಡುವೆ ಕೂದಲೆಳೆಯಷ್ಟು ತಗ್ಗು, ಉಗುರು ನಿಂತಿತು. ಹೊಸವು ಎಂದು ಇಟ್ಟಿದ್ದ ತಟ್ಟೆಯಲ್ಲಿ ಎರಡು ಹಳೆಯವು.

"ಖರೇನ?"

"ಖರೆ."

"ಮತ್ತೊಮ್ಮಿ ಎಳಿ."

ಮೂರು ಸಲ ಎಳೆಸಿದ. ಆಮೇಲೆ ಹೊಸ ನಾಲ್ಕನ್ನೇ ಆರಿಸಿ ಜೋಡಿಸಿ, ಬೋಲ್ಟು ಬಿಗಿದ. ಬಿಗಿದ ಬೋಲ್ಟಿನ ತಲೆಯಿಂದ ಕ್ಯಾಲಿಪರಿನವರೆಗೆ ಸುಣ್ಣದ ಗೆರೆ ಎಳೆಯುವುದು ಅವನ ರೂಢಿ. ಬೋಲ್ಟು ಸಡಿಲಾದರೆ ಗೆರೆ ಮುರಿಯುತ್ತದೆ. ಅಂದು ಸುಣ್ಣ ಹುಡುಕಲು ಹೊತ್ತಿರಲಿಲ್ಲ. ಪೂಜೆಯ ವಿಭೂತಿಯನ್ನೇ ನೀರಲ್ಲಿ ಕಲಸಿ ಎಳೆದ.

"ಹುನಗುಂದದಾಗ ಇಳಿದು ನೋಡು. ಗೆರಿ ಮುರಿದಿದ್ರ ಮುಂದ ಹೋಗಬ್ಯಾಡ."

ಕಾರು ಹೋದ ಮೇಲೆ ನನ್ನ ಬೆನ್ನಿಗೊಂದು ಬಿತ್ತು. ಬೀಳಬೇಕಾದದ್ದೇ. ಹೋಳಿಗೆ ಮುಚ್ಚಿದಂತೆಯೇ ಇತ್ತು. ಸಂಜೆ ಇಮಾಮಸಾಬ ಬಂದು, "ತಾಯಿ ಮಗಾ ಅರಾಮ ಅದಾರ. ಗೆರಿ ಹಂಗ ಐತಿ ಮೇಸ್ತ್ರಿ" ಎಂದ ಮೇಲೆ ಉಂಡೆವು. ತುಪ್ಪ ಹೆಪ್ಪುಗಟ್ಟಿತ್ತು.

ಅಂದಿನಿಂದ ಲಗ್ನವಾಗುವ ತನಕ ಶೆಡ್ಡಿಗೆ ಬಂದ ಪಿನ್ನೆಲ್ಲ ನನ್ನ ಉಗುರು ದಾಟಿಯೇ ಹೋಗಬೇಕಿತ್ತು. ಆಮೇಲೆ ಮೂವತ್ತು ವರ್ಷ ಗ್ರಾನೈಟಿಗೆ ಪಾಲಿಶು ತಿಕ್ಕಿದೆ. ಅಪ್ಪ ಹೋದ, ಶೆಡ್ಡು ಹೋಯಿತು. ಮೊನ್ನೆ ಅದೇ ಜಾಗದ ಗ್ಯಾರೇಜಿನವನು ಬಿಚ್ಚಿ ಎಸೆದ ಪಿನ್ನು ಕಾಲಿಗೆ ಸಿಕ್ಕಿತು. ಎತ್ತಿ ಉಗುರು ಎಳೆದೆ. ಎಲ್ಲೂ ನಿಲ್ಲಲಿಲ್ಲ.

"ಹೊಸಾದ ಐತಲ್ಲೋ, ಯಾಕ ಒಗದಿ?" ಎಂದೆ.

"ಆಯಿ, ನಡುವ ತಗ್ಗು ಬಿದ್ದೈತಿ. ಕೈಗೆ ಹತ್ತವಲ್ದೇನ?" ಎಂದು ನಕ್ಕ.

ಹತ್ತಲಿಲ್ಲ. ಕಲ್ಲು ತಿಕ್ಕಿ ನನ್ನ ಉಗುರೂ ಅಪ್ಪನದರಂತೆ ಸವೆದಿತ್ತು. "ನೀ ನೋಡು" ಎನ್ನಲು ಅಪ್ಪನಿಗೆ ನಾನಿದ್ದೆ. ನಾನು ಪಿನ್ನನ್ನು ಅಲ್ಲೇ ಹಾಕಿ ಮನೆಗೆ ಬಂದೆ.