ಸತ್ತ ಹಾವಿನ ಬಾಯಿಗೆ ಕಾಸು

ಶಿವಪ್ರಕಾಶನ ತಾತ ನಂಜೇಗೌಡ, ಬನ್ನೂರಿನ ಸುತ್ತ ಭತ್ತದ ಕಣಜಕ್ಕೆ ನುಗ್ಗಿದ ನಾಗರಗಳನ್ನು ಬರಿಗೈಯಲ್ಲಿ ಹಿಡಿದು ಗಡಿಗೆಗೆ ಹಾಕಿ ಹೊಳೆಯಾಚೆ ಬಿಟ್ಟುಬಂದ ಗಂಡಾಳು. ಅಪ್ಪ ಕೆಂಪಣ್ಣ, ಗಾಡಿಗೆ ಸಿಕ್ಕಿ ಸತ್ತ ನಾಗರ ಕಂಡರೆ ಅದರ ಬಾಯಿಗೆ ಕಾಸಿಟ್ಟು, ತುಪ್ಪ ಸುರಿದು ಸುಟ್ಟು, ತಲೆಗೆ ನೀರು ಹಾಕಿಕೊಂಡೇ ಮನೆಯೊಳಗೆ ಕಾಲಿಡುತ್ತಿದ್ದ.

ಇಂಥವರ ಕುಡಿ ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ, ಶಾಲೆಯ ಮಕ್ಕಳು ಬಂದು ನೋಡುವ ಸಣ್ಣದೊಂದು ಹಾವಿನ ಮನೆಯಲ್ಲಿ, ಹನ್ನೊಂದು ವರ್ಷ ಮೊಹಾವಿ ಮರುಭೂಮಿಯ ಗಿಲಕಿ ಹಾವನ್ನು ಸಾಕಿದ. ಬೂದುಹಸಿರು ಮೈ. ಬಾಲದ ತುದಿಯಲ್ಲಿ ಒಣಗಿದ ಅವರೆಕಾಯಿಯಂತೆ ಸದ್ದು ಮಾಡುವ ಗಿಲಕಿ. ಪೊರೆ ಬಿಟ್ಟಾಗಲೆಲ್ಲ ಅದಕ್ಕೊಂದು ಗೆಣ್ಣು ಕೂಡುತ್ತದೆ. ಕಣ್ಣಿಗೂ ಮೂಗಿಗೂ ನಡುವಿನ ಕುಳಿಯಿಂದ ಕತ್ತಲಲ್ಲೂ ಇಲಿಯ ಮೈಬಿಸಿ ತಿಳಿಯುತ್ತದೆ. ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ವಿಷ ಏರಿದರೆ ಉಸಿರೇ ಕಟ್ಟುತ್ತದೆ. ತಲೆ ಕಡಿದು ಬಹಳ ಹೊತ್ತಾದರೂ ಆ ತಲೆ ಕಚ್ಚಬಲ್ಲದು. ಇದನ್ನೆಲ್ಲ ಅವನು ಮಕ್ಕಳಿಗೆ ದಿನವೂ ಹೇಳುತ್ತಿದ್ದ.

ಅಲ್ಲಿಗೆ ಮೇಲ್ವಿಚಾರಕಿಯಾಗಿ ಬಂದ ಸಿಂಧು ಆ ದೇಶದಲ್ಲೇ ಹುಟ್ಟಿದ ನಮ್ಮವರ ಹುಡುಗಿ. ಕೊಕ್ಕೆಕೋಲಿನಲ್ಲಿ ಹಾವು ಎತ್ತುವುದನ್ನು ಅವಳಿಗೆ ಕಲಿಸಿದವನು ಇವನೇ. ಕಳೆದ ಮಾರ್ಚಿನಲ್ಲಿ ಅವಳು ಪೆಟ್ಟಿಗೆಗೆ ಬೀಗ ಹಾಕುವುದನ್ನು ಮರೆತಳು. ಹಾವು ನೆಲಕ್ಕಿಳಿಯಿತು. ಕಲಿತ ಕೋಲು ಗೋಡೆಯಲ್ಲೇ ಉಳಿಯಿತು; ಅವಳು ಹಿಮ ಎತ್ತುವ ಸಲಿಕೆ ತಂದು ತಲೆ ಕಡಿದಳು.

ಶಿವಪ್ರಕಾಶ ಒಳಗೆ ಬಂದಾಗ ಅಳುತ್ತ ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ. ಕುಕ್ಕುರುಗಾಲಲ್ಲಿ ಕೂತು, ಜೇಬಿನಿಂದ ಒಂದು ಕ್ವಾರ್ಟರ್ ನಾಣ್ಯ ತೆಗೆದು ಹಾವಿನ ಬಾಯಿಗಿಡಲು ಹೋದ. ಮಕ್ಕಳಿಗೆ ಹೇಳುತ್ತಿದ್ದ ಪಾಠ ಅವನಿಗೇ ನೆನಪಾಗಲಿಲ್ಲ. ಆ ಗಳಿಗೆಯಲ್ಲಿ ಅವನು ಬರೀ ಕೆಂಪಣ್ಣನ ಮಗ. ಕಡಿದ ತಲೆ ಕಚ್ಚಿ ಹಿಡಿಯಿತು.

ಆಸ್ಪತ್ರೆಯವರು ಜೀವ ಉಳಿಸಿದರು. ಬಲಗೈಯ ಎರಡು ಬೆರಳು ಹೋದವು. ಅವನು ಇನ್ನೂ ಮಂಚದ ಮೇಲಿರುವಾಗಲೇ ಸಿಂಧು ವರದಿ ಬರೆದಳು: ಬೀಗ ತೆಗೆದವನು ಶಿವಪ್ರಕಾಶ, ಕಚ್ಚಿಸಿಕೊಂಡದ್ದು ಆಗಲೇ, ತಾನು ಕೊಂದದ್ದು ಅವನನ್ನು ಉಳಿಸಲು. ಅವನ ಕೆಲಸ ಹೋಯಿತು. ಆ ಕಾಗದ ಇರುವವರೆಗೆ ಬೇರೆ ಯಾರೂ ಅವನನ್ನು ಹಾವಿನ ಹತ್ತಿರ ಬಿಡುವುದಿಲ್ಲ.

ಜೂನ್‌ನಲ್ಲಿ ಅವಳು ಹಣ್ಣಿನ ಚೀಲ ಹಿಡಿದು ಅವನ ಮನೆಗೆ ಬಂದಳು.

"ಅಂಕಲ್, ಜೆರಿಕೋ ಅನ್ನೋ ಊರಲ್ಲಿ ಡ್ಯಾಡಿ ಫ್ರೆಂಡ್‌ದು ಸ್ಟೋರ್ ಇದೆ. ಕೂತ್ಕೊಂಡು ಮಾಡೋ ಕೆಲಸ. ಪ್ಲೀಸ್, ಲೆಟ್ ಮಿ ಹೆಲ್ಪ್."

"ಬೀಗ ಮರೆತದ್ದು ನೀನೇ ಅಂತ ಬರೆದುಕೊಡ್ತೀಯಾ?"

ಹಾಗೆ ಬರೆದರೆ ತನ್ನ ಕೆಲಸ ಹೋಗುತ್ತದೆ ಎಂದು ಅವಳು ನೆಲ ನೋಡುತ್ತ ಹೇಳಿದಳು.

"ಹಾಗಾದ್ರೆ ನಿನ್ನ ಅಂಗಡಿಯೂ ಬೇಡ, ಹಣ್ಣೂ ಬೇಡ ಕಣಮ್ಮ. ಇನ್ನೂ ಎಂಟು ಬೆರಳಿವೆ. ನನ್ನ ಅನ್ನ ನಾನೇ ಕಲಸ್ಕೊಂಡು ತಿಂತೀನಿ."